ಬಾಗಿಲ ತನಕ ಒಂದು ಚೌಕಾಸಿ

"ರೀ! ರೀ ಮೇಡಂ! ಅದನ್ನ ಮೊದಲು ಹೊರಗೆ ತೆಗೀರಿ!"

ಶೋರೂಮಿನ ನಟ್ಟನಡುವೆ ನಿಂತಿದ್ದ ಹೊಚ್ಚಹೊಸ ಎಸ್‌ಯುವಿಯ ಡಿಕ್ಕಿ ತೆರೆದಿತ್ತು. ಅದರೊಳಗೆ ಆಳುದ್ದವನ್ನೂ ಮೀರಿದ ಹಿತ್ತಾಳೆಯ ಸರಳೊಂದು ನಿಧಾನವಾಗಿ ನುಗ್ಗುತ್ತಿತ್ತು. ಸರಳಿನ ಈ ತುದಿಯಲ್ಲಿ ಒಬ್ಬ ಯುವತಿ. ಕೊರಳಲ್ಲಿ ಸರವಿರಬೇಕಾದ ಕಡೆ ಅಳತೆಯ ಟೇಪು. ಹಣೆಯ ಮೇಲೆ ಬೆವರು. ಮುಖದಲ್ಲಿ ಮಾತ್ರ, ಇದರಲ್ಲಿ ತಪ್ಪೇನಿದೆ ಎಂಬ ನಿಶ್ಚಿಂತೆ.

ಓಡಿಬಂದವನು ಅಲ್ಲಿನ ಮಾರಾಟಗಾರ. ಓಡಿದ ರಭಸಕ್ಕೆ ಅವನ ಎದೆಯ ಮೇಲಿನ ಬ್ಯಾಡ್ಜು ತಲೆಕೆಳಗಾಗಿತ್ತು.

"ಏನಿದು?"

"ಪರದೆ ರಾಡು."

"ಪರದೆ ರಾಡಿಗೆ ಕಾರೊಳಗೆ ಏನು ಕೆಲಸ?"

"ಕಾರು ತಗೊಳ್ಳೋದೇ ಇದಕ್ಕೆ ಕಣ್ರೀ! ಒಳಗೆ ಹಿಡ್ಸತ್ತೋ ಇಲ್ವೋ ನೋಡ್ಬೇಡ್ವಾ?"

"ಅಳತೆ ಎಲ್ಲಾ ಪುಸ್ತಕದಲ್ಲಿದೆ. ಕೇಳಿದ್ರೆ ನಾನೇ ಹೇಳ್ತಿದ್ದೆ..."

"ಪುಸ್ತಕದಲ್ಲಿ ಎಲ್ಲಾ ಹಿಡ್ಸತ್ತೆ!"

ಅವನು ಜೇಬಿನಿಂದ ಕರವಸ್ತ್ರ ತೆಗೆದು, ಮುಂದಿನ ಬಾಗಿಲಿನಿಂದ ಒಳಗೆ ಬಾಗಿ, ಸರಳಿನ ಮೂತಿಗೆ ಭದ್ರವಾಗಿ ಸುತ್ತಿದ.

"ಸ್ವಲ್ಪ ಎತ್ತಿ... ಎಡಕ್ಕೆ... ಹಾಂ, ಈಗ ತಳ್ಳಿ. ಮೆಲ್ಲಗೆ!"

ಸರಳು ಸೀಟುಗಳ ನಡುವೆ ಓರೆಯಾಗಿ ಸಾಗಿ, ಡ್ಯಾಶ್‌ಬೋರ್ಡಿಗೆ ಬೆರಳಗಲ ಬಿಟ್ಟು ನಿಂತಿತು. ಅವಳು ಉಸಿರು ಬಿಗಿಹಿಡಿದು ಡಿಕ್ಕಿ ಇಳಿಸಿದಳು. ಮುಚ್ಚಿತು!

"ಹಿಡೀತು!" ಎಂದು ಅವಳು ಹಿಂದಿನ ಗಾಜಿನಾಚೆಯಿಂದ ಕೂಗಿದಳು.

"ಹಿಡೀತು!" ಎಂದ ಅವನು, ಆ ಗಾಡಿಯನ್ನು ತಾನೇ ಕೂತು ಕಟ್ಟಿದವನಂತೆ.

ಒಂದೇ ಸರಳಿನ ಎರಡು ತುದಿಗಳಲ್ಲಿ ನಿಂತು, ಗಾಜಿನ ಮೂಲಕ, ಅಪರಿಚಿತರಿಬ್ಬರೂ ನಕ್ಕುಬಿಟ್ಟರು. ಅವಳ ಎದೆಯಲ್ಲಿ ಏನೋ ಒಂದು ಮಡಿಕೆ ತಾನಾಗಿ ಬಿಚ್ಚಿಕೊಂಡಿತು. ‘ಛೇ, ವ್ಯಾಪಾರಕ್ಕೆ ಬಂದವಳು ನಗಬಾರದಿತ್ತು!’ ಎಂದು ಆಮೇಲೆ ನೆನಪಾಗಿ ಮುಖ ಬಿಗಿದುಕೊಂಡಳು.

ಯಾಕೆಂದರೆ, ಹಿಂದಿನ ಸೀಟಿನಲ್ಲಿ ಅತ್ತೆ ಕುಳಿತಿದ್ದರು.

ಅತ್ತೆ ಎಂದರೆ ಅಪ್ಪನ ಅಕ್ಕ. ತಾಯಿತಂದೆಯಿಲ್ಲದ ಹುಡುಗಿಯನ್ನು ಪರದೆ ಅಂಗಡಿಯ ಬಟ್ಟೆಯ ಸುರುಳಿಗಳ ನಡುವೆ ಮಲಗಿಸಿ, ಎಬ್ಬಿಸಿ, ಬೆಳೆಸಿದವರು. ಮನೆಮನೆಗೆ ಹೋಗಿ ಅಳತೆ ತೆಗೆದು, ಹೊಲಿದು, ಏಣಿ ಹತ್ತಿ ಪರದೆ ಕಟ್ಟಿಬರುವುದು ಇಬ್ಬರ ಕಸುಬು. ಏಣಿ, ಸರಳು, ಬಟ್ಟೆ ಎಲ್ಲವನ್ನೂ ಹೊರುತ್ತಿದ್ದ ಹಳೆಯ ವ್ಯಾನು ಈಚೆಗೆ ಸೇತುವೆಯ ಮೇಲೆ ಹೊಗೆಯುಗುಳಿ ನಿಂತದ್ದು, ಮತ್ತೆ ಏಳಲಿಲ್ಲ. ಅದಕ್ಕಾಗಿಯೇ ಈ ಪ್ರಯಾಣ.

ಈ ಮನೆಯ ಚೌಕಾಸಿಗೆ ಒಂದು ಕ್ರಮವಿತ್ತು. ಬೆಲೆ ಕೇಳಿದ ಕೂಡಲೇ ಅತ್ತೆ ಮೂಗು ಮುರಿಯುವರು. ಅನಂತರ ಒಂದು ದೀರ್ಘ ಮೌನ. ಆ ಮೌನದಲ್ಲಿ ಎಂಥ ಬಟ್ಟೆ ವ್ಯಾಪಾರಿಯೂ ತಡವರಿಸುತ್ತಿದ್ದ. ಅದಕ್ಕೂ ಜಗ್ಗದಿದ್ದರೆ ಎದ್ದು ಹೊರಡುವುದು. ಏಳುವುದೆಂದರೆ ದಡಬಡನೆ ಏಳುವುದಲ್ಲ! ಚೀಲವನ್ನು ಹೆಗಲಿಗೆ ಏರಿಸಿ, ಅದರ ಬಕಲನ್ನು ಸಾವಕಾಶವಾಗಿ ಹಾಕಿ, ಬೆನ್ನಿನಲ್ಲಿ ಕಿವಿ ಮೂಡಿಸಿಕೊಂಡು ನಡೆಯಬೇಕು. ಬಕಲಿಗೂ ಬಾಗಿಲಿಗೂ ನಡುವೆ ಎಲ್ಲೋ ಒಂದು ಕಡೆ "ಬನ್ನಿ, ಬನ್ನಿ, ಕೋಪ ಯಾಕೆ?" ಎಂಬ ಕರೆ ಬಂದೇ ಬರುವುದು. ಕರೆದ ಮೇಲೆ ಹೇಳುವುದೇ ನಿಜವಾದ ಬೆಲೆ. ಅದಕ್ಕೆ ಮುಂಚಿನದೆಲ್ಲ ಬಾಯಿ ಮಾತು. ಈ ಕ್ರಮ ಆ ಹುಡುಗಿಗೆ ನಡಿಗೆಯ ಜೊತೆಜೊತೆಗೇ ಬಂದಿತ್ತು.

"ಹೇಳಪ್ಪಾ, ಎಷ್ಟಕ್ಕೆ ಕೊಡ್ತೀಯಾ?" ಎಂದರು ಅತ್ತೆ, ಮೇಜಿನೆದುರು ಕುಳಿತು.

ಮಾರಾಟಗಾರ ಒಂದು ಅಂಕಿ ಹೇಳಿದ. "ತೆರಿಗೆ, ನೋಂದಣಿ ಎಲ್ಲಾ ಸೇರಿ ಇಷ್ಟೇ ಅಮ್ಮಾ. ಇದರ ಮೇಲೆ ಏನೂ ಇಲ್ಲ. ಇದರ ಕೆಳಗೂ ಏನೂ ಇಲ್ಲ."

ಅತ್ತೆ ಮೂಗು ಮುರಿದರು. ಅವನು ಕಾದ. ಮೌನ ಬಂತು. ಅವನಿಗೆ ಮೌನ ಹಿತವಾದಂತೆ ಕಂಡಿತು! ಗಾಜಿನ ಗೋಡೆಯಿಂದ ಒಳಬಿದ್ದಿದ್ದ ಸಂಜೆಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನೆಮ್ಮದಿಯಿಂದ ಕುಳಿತ.

ಅತ್ತೆ ಕಣ್ಸನ್ನೆ ಮಾಡಿದರು. ಸೊಸೆ ಎದ್ದಳು. ಚೀಲ ಏರಿತು, ಬಕಲು ಬಿತ್ತು, ನಡಿಗೆ ಶುರುವಾಯಿತು.

ಅವನೂ ಎದ್ದ. ಅವರಿಗಿಂತ ಮುಂಚೆ ಹೋಗಿ... ಬಾಗಿಲು ತೆರೆದು ಹಿಡಿದ!

"ಬಂದಿದ್ದಕ್ಕೆ ಥ್ಯಾಂಕ್ಸ್ ಅಮ್ಮಾ. ಮೆಟ್ಟಿಲು ನೋಡ್ಕೊಳ್ಳಿ."

"ಏನೇ ಇವನು!" ಹೊರಗೆ ಬಂದ ಅತ್ತೆ ಉರಿದುಬಿದ್ದರು. "ಬಾಗಿಲು ತೆಗೀತಾನಲ್ಲೇ! ನಿಧಾನ ನಡಿ. ಕರೀತಾನೆ. ಇನ್ನೂ ನಿಧಾನ."

ಹಿಂದೆ ಓಡುವ ಹೆಜ್ಜೆಯ ಸದ್ದು ಕೇಳಿಸಿತು. ಅತ್ತೆಯ ಮುಖ ಅರಳಿತು. "ನೋಡ್ದ್ಯಾ?"

ಅವನು ಏದುಸಿರು ಬಿಡುತ್ತ ಬಂದು ನಿಂತ. "ಮೇಡಂ... ಮರ್ತಿದ್ರಿ."

ಅವನ ಕೈಯಲ್ಲಿ ಹಿತ್ತಾಳೆಯ ಸರಳು.

*

ಊರಿನ ಇನ್ನೊಂದು ತುದಿಯ ಶೋರೂಮಿನಲ್ಲಿ ಎಲ್ಲವೂ ಕ್ರಮದ ಪ್ರಕಾರ ನಡೆಯಿತು. ಅಲ್ಲಿನವನು ಆಕಾಶದ ಬೆಲೆ ಹೇಳಿದ, ಇವರು ಎದ್ದರು, ಅವನು ಕರೆದ, ಇಳಿಸಿದ, ಇವರು ಮತ್ತೆ ಎದ್ದರು, ಅವನು ಕೈಮುಗಿದ. ಅತ್ತೆ ರಣ ಗೆದ್ದವರಂತೆ ಹೊರಬಂದರು. ಸೊಸೆ ಮಾತ್ರ ಅಂಗಡಿಗೆ ಮರಳಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಿಂದ ಎಲ್ಲವನ್ನೂ ಕೂಡಿಸಿ ನೋಡಿದಳು. ಪಾಲಿಶು, ನೆಲದ ಮ್ಯಾಟು, ಅವರದೇ ಇನ್ಶೂರೆನ್ಸು, ಅದೇನೋ ‘ನಿರ್ವಹಣೆ’... ಗೆದ್ದ ಬೆಲೆ ಆ ಬಾಗಿಲು ತೆಗೆದವನ ಬೆಲೆಗಿಂತ ಮೇಲಿತ್ತು.

‘ಹಾಗಾದ್ರೆ ಅವನು ಹೇಳಿದ್ದು ನಿಜಾನಾ? ಮೊದಲ ಮಾತಿನಲ್ಲೇ?... ಸಾಧ್ಯನೇ ಇಲ್ಲ. ಇನ್ನೂ ಏನೋ ಬಚ್ಚಿಟ್ಟಿದಾನೆ!’

ಮರುದಿನ ಒಬ್ಬಳೇ ಹೋದಳು.

"ಅದೇ ಬೆಲೆಗೆ ಪಾಲಿಶ್ ಮಾಡ್ಕೊಡ್ತೀರಾ?"

"ಹೊಸ ಗಾಡಿಗೆ ಪಾಲಿಶ್ ಯಾಕೆ? ದುಡ್ಡು ದಂಡ."

"ಮ್ಯಾಟು?"

"ಹೊರಗಡೆ ಅರ್ಧಕ್ಕೆ ಸಿಗತ್ತೆ. ಇಲ್ಲಿ ತಗೋಬೇಡಿ."

"ಇನ್ಶೂರೆನ್ಸ್?"

"ನಾಲ್ಕು ಕಡೆ ವಿಚಾರ್ಸಿ. ನಮ್ಮದೇ ಆಗ್ಬೇಕು ಅಂತೇನಿಲ್ಲ."

ಅವಳಿಗೆ ಮೈಯೆಲ್ಲ ಉರಿಯಿತು. "ಅಲ್ಲಾ ರೀ, ನೀವು ಮಾರೋಕೆ ಕೂತಿದೀರೋ, ಓಡ್ಸೋಕೆ ಕೂತಿದೀರೋ?"

"ಮಾರೋಕೇ. ಗಾಡಿ ಮಾರೋಕೆ."

"ಹೋಗ್ಲಿ, ನನ್ನ ಸಮಾಧಾನಕ್ಕಾದ್ರೂ ಸ್ವಲ್ಪ ಇಳಿಸಿ!"

"ನಿಮ್ಮ ಸಮಾಧಾನಕ್ಕೆ ಇಳಿಸ್ಬೇಕು ಅಂದ್ರೆ ಮೊದಲು ಏರ್ಸಿರ್ಬೇಕಿತ್ತು ಮೇಡಂ. ಏರ್ಸಿಲ್ವಲ್ಲ."

ಎದ್ದಳು. ಚೀಲ. ಬಕಲು. ಬೆನ್ನಿನಲ್ಲಿ ಕಿವಿ. ಬಾಗಿಲ ಬಳಿ ಹೆಜ್ಜೆ ತಾನಾಗಿ ನಿಧಾನವಾಯಿತು... ಕರೆ ಬರಲಿಲ್ಲ. ‘ಕಲ್ಲು! ಬಂಡೆಗಲ್ಲು!’

ಹಾಗೆ ಎಷ್ಟು ಸಲ ಬಂದಳೋ, ಎಷ್ಟು ಸಲ ಎದ್ದಳೋ. ಒಂದು ದಿನ ಬಣ್ಣ ನೋಡುವ ನೆಪ, ಇನ್ನೊಂದು ದಿನ ಏಣಿ ಹಿಡಿಸುವುದೇ ಎಂಬ ನೆಪ. ಶೋರೂಮಿನಲ್ಲಿ ಅವನನ್ನು ಎಲ್ಲರೂ ‘ಒಂದೇ ರೇಟು’ ಎಂದು ಕರೆಯುತ್ತಾರೆಂದು ಬಾಗಿಲ ಬಳಿ ಕೂರುವ ಸ್ವಾಗತಕಾರ್ತಿ ಅವಳಿಗೆ ಹೇಳಿದಳು. ಮ್ಯಾನೇಜರು ಅವನ ಮೇಲೆ ರೇಗುವುದನ್ನೂ ಅವಳು ಕಿವಿಯಾರೆ ಕೇಳಿದಳು.

"ಜನಕ್ಕೆ ಗೆಲ್ಬೇಕು ಕಣಯ್ಯಾ! ಸ್ವಲ್ಪ ಸೋತು ತೋರ್ಸು. ನಿಂದೇನು ಗಂಟು ಹೋಗತ್ತೆ?"

"ಸೋಲೋ ಹಾಗೆ ನಾಟಕ ಮಾಡಿದ್ರೆ ಅವರಿಗೆ ಸಿಕ್ಕಿದ್ದು ಗೆಲುವು ಹೇಗಾಗತ್ತೆ ಸಾರ್?"

"ಅಯ್ಯೋ, ನಿನ್ನ ಜೊತೆ ಮಾತಾಡೋದಕ್ಕಿಂತ ಆ ಬಿಸಿಲಲ್ಲಿ ಹೋಗಿ ನಿಲ್ಲೋದು ವಾಸಿ!"

ಬಿಸಿಲೆಂದರೆ ಅಲ್ಲಿ ಸಾಮಾನ್ಯ ಬಿಸಿಲಲ್ಲ. ಪಡುವಣಕ್ಕೆ ಮುಖ ಮಾಡಿದ ಆ ಗಾಜಿನ ಗೋಡೆಯಿಂದ ಮಧ್ಯಾಹ್ನ ಕಳೆದ ಮೇಲೆ ಬೆಂಕಿಯೇ ಒಳಗೆ ಬರುತ್ತಿತ್ತು. ಎಲ್ಲರೂ ಹಣೆಗೆ ಕೈಯಡ್ಡ ಹಿಡಿದೇ ಗಾಡಿ ಮಾರುತ್ತಿದ್ದರು.

"ಇಲ್ಲಿಗೆ ಪರದೆ ಯಾಕೆ ಹಾಕ್ಸಿಲ್ಲ ಸಾರ್?" ಎಂದು ಅವಳು ಬಾಯಿತಪ್ಪಿ ಕೇಳಿಬಿಟ್ಟಳು.

ಮ್ಯಾನೇಜರ ಕಣ್ಣು ಹೊಳೆಯಿತು. "ನೀವೇ ಹಾಕ್ಕೊಡಿ. ಬೆಲೆ ಇವನ ಹತ್ರ ಮಾತಾಡಿ. ಅವನಿಗೂ ಸ್ವಲ್ಪ ಚೌಕಾಸಿ ಅಭ್ಯಾಸ ಆಗ್ಲಿ!"

ಅವಳ ಜೀವ ಹಿಗ್ಗಿತು. ಈಗ ತಿರುಗಿತಲ್ಲ ಮೇಜು! ಗಾಜಿನ ಗೋಡೆಯನ್ನು ಉದ್ದಗಲ ಅಳೆದಳು. ದಪ್ಪ ಬಟ್ಟೆ, ಹಿಂಬದಿಗೆ ಅಸ್ತರಿ, ಗಟ್ಟಿ ಸರಳು. ಅತ್ತೆ ಕಲಿಸಿದಂತೆ, ಎದುರಿನವನು ಜಗ್ಗಿ ಇಳಿಸಲಿಕ್ಕೆ ಬೇಕಾದಷ್ಟು ಎಡೆ ಬಿಟ್ಟು, ಒಂದು ಬೆಲೆ ಹೇಳಿ, ಹೋರಾಟಕ್ಕೆ ಅಣಿಯಾಗಿ ಕುಳಿತಳು.

"ಆಯ್ತು," ಎಂದ ಅವನು.

"...ಏನು ಆಯ್ತು?"

"ಬೆಲೆ. ಒಪ್ಪಿದೆ. ಯಾವಾಗ ಶುರು ಮಾಡ್ತೀರಿ?"

"ರೀ! ನಿಮಗೇನು ಬುದ್ಧಿಗಿದ್ದಿ ಇದೆಯಾ? ಹೇಳಿದ ತಕ್ಷಣ ಯಾರಾದ್ರೂ ಒಪ್ಕೋತಾರಾ?"

"ಯಾಕೆ, ನೀವು ಹೇಳಿದ್ದು ಸರಿಯಾದ ಬೆಲೆ ಅಲ್ವಾ?"

ಅವನು ವ್ಯಂಗ್ಯವಾಡುತ್ತಿದ್ದಾನೇನೋ ಎಂದು ಅವಳು ಆ ಮುಖವನ್ನು ದಿಟ್ಟಿಸಿದಳು. ಇಲ್ಲ. ಬಿಸಿಲಿಗೆ ಕಿರಿದಾದ ಆ ಕಣ್ಣುಗಳಲ್ಲಿ ನಿಜವಾದ ಪ್ರಶ್ನೆಯೇ ಇತ್ತು. ಅವಳ ಕಿವಿ ಬಿಸಿಯಾಯಿತು.

"...ಅಲ್ಲ."

"ಮತ್ತೆ?"

"ಅದು... ನೀವು ಇಳಿಸ್ಲಿ ಅಂತ ಹೇಳಿದ ಬೆಲೆ."

"ಓ."

ಆ ಒಂದು ‘ಓ’ ಅವಳನ್ನು ಚುಚ್ಚಿದಷ್ಟು ಯಾವ ಗಿರಾಕಿಯ ಬೈಗುಳವೂ ಚುಚ್ಚಿರಲಿಲ್ಲ.

"ಸರಿ, ಕಡಿಮೆ ಮಾಡ್ಕೋತೀನಿ," ಎಂದಳು ಸಿಡುಕಿ. ಇಳಿಸಿ ಹೇಳಿದಳು.

"ಅಷ್ಟೆಲ್ಲ ಇಳಿಸ್ಬೇಡಿ. ನಿಮಗೆ ನಷ್ಟ ಆದೀತು."

"ಆಗಲ್ಲಾ ರೀ!"

"ನಿಜವಾಗ್ಲೂ?"

"ಇನ್ನೂ ಸ್ವಲ್ಪ ಇಳಿಸಿದ್ರೂ ಆಗಲ್ಲ! ತಗೊಳ್ಳಿ, ಇಷ್ಟು! ಇದೇ ಕೊನೆ. ಇದರ ಮೇಲೆ ಏನೂ ಇಲ್ಲ, ಇದರ ಕೆಳಗೂ ಏನೂ..."

ಅರ್ಧಕ್ಕೇ ನಿಲ್ಲಿಸಿದಳು. ಆ ಮಾತು ಯಾರದ್ದೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವನು ನಗು ತಡೆಯಲು ಬ್ಯಾಡ್ಜು ಸರಿಮಾಡಿಕೊಂಡ. ಅವಳು ತಡೆಯಲಿಲ್ಲ.

ಎದುರಾಳಿಯೇ ಇಲ್ಲದೆ ತನ್ನೊಡನೆ ತಾನೇ ಚೌಕಾಸಿ ಮಾಡಿ ಸೋತುಬಂದ ಆ ದಿನ, ದಾರಿಯುದ್ದಕ್ಕೂ ಅವಳಿಗೆ ಅವನ ಮೇಲೆ ಕೆಟ್ಟ ಸಿಟ್ಟು. ಸಿಟ್ಟಿಗೆ ಹೀಗೆ ತುಟಿಯಂಚಿನಲ್ಲಿ ನಗು ಯಾಕೆ ಬರಬೇಕೋ ಅವಳಿಗೆ ತಿಳಿಯಲಿಲ್ಲ. ಅತ್ತ ಮ್ಯಾನೇಜರು, "ನಮ್ಮ ಒಂದೇ ರೇಟು ಚೌಕಾಸಿ ಮಾಡಿ ಇಳಿಸಿದಾನೆ!" ಎಂದು ಶೋರೂಮಿಗೆಲ್ಲ ಕಾಫಿ ಕೊಡಿಸಿದರು.

*

ಪರದೆ ಕಟ್ಟುವ ದಿನ ಅತ್ತೆಗೆ ಮಂಡಿ ಹಿಡಿದುಕೊಂಡಿತ್ತು. ಸರಳಿನ ಆ ತುದಿ ಹಿಡಿಯಲು ಅವನೇ ಇನ್ನೊಂದು ಏಣಿ ಹತ್ತಿದ.

"ನಿಮ್ಮ ಕಡೆ ಸ್ವಲ್ಪ ಮೇಲೆ... ಸಾಕು. ಅಲ್ಲಾಡ್ಬೇಡಿ," ಎಂದಳು ಅವಳು, ತುಟಿಯಲ್ಲಿ ತಿರುಪುಮೊಳೆ ಕಚ್ಚಿಕೊಂಡೇ. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ಒಂದು ಮಾತು ಕೇಳ್ಲಾ? ನಿಮಗ್ಯಾಕೆ ಈ ಹಟ?"

"ಹಟ ಅಲ್ಲ. ನಮ್ಮಪ್ಪನದು ಪಾತ್ರೆ ಅಂಗಡಿ. ಹೇಳೋದೊಂದು ಬೆಲೆ, ಕೊಡೋದೊಂದು ಬೆಲೆ. ಅಂಗಡೀಲಿ ಅದು ತಪ್ಪಲ್ಲ ಬಿಡಿ. ಆದ್ರೆ ಅದೇ ಅಭ್ಯಾಸ ಮನೆಗೂ ಬಂತು. ‘ನಾಳೆ ಬರ್ತೀನಿ’ ಅಂದ್ರೆ ಬರಲ್ಲ ಅಂತ. ‘ನೋಡೋಣ’ ಅಂದ್ರೆ ಇಲ್ಲ ಅಂತ. ಅಮ್ಮ ಅವರ ಪ್ರತಿ ಮಾತಿಂದಲೂ ಎಷ್ಟು ಕಳೀಬೇಕು ಅಂತ ಯೋಚ್ನೆ ಮಾಡ್ತಾನೇ ಇದ್ಲು. ನನ್ನ ಮಾತಿಂದ ಯಾರೂ ಏನೂ ಕಳೀಬಾರ್ದು ಅನ್ನಿಸ್ಬಿಡ್ತು."

ಅವಳು ಸ್ಕ್ರೂಡ್ರೈವರ್ ತಿರುಗಿಸುವುದನ್ನು ಮರೆತಳು.

"ಮತ್ತೆ... ಎದ್ದು ಹೋಗೋರನ್ನ ಯಾಕೆ ಕರೆಯಲ್ಲ?"

"ಹೋಗ್ಬೇಕು ಅಂತ ತಾನೇ ಎದ್ದಿರ್ತಾರೆ? ಅವರ ಮಾತಿಂದ ನಾನು ಕಳೀಬಹುದಾ?"

ಅವಳೂ ಹೇಳಿದಳು. ಅತ್ತೆ ಹರೆಯದಲ್ಲಿ ಒಬ್ಬಂಟಿಯಾಗಿ ಮೊದಲ ಅಂಗಡಿ ಹಿಡಿದದ್ದು. ಮನೆಯವನಂತೆ ನಕ್ಕು ಮಾತಾಡಿದವನೊಬ್ಬನ ಮೊದಲ ಮಾತಿಗೇ ತಲೆಯಾಡಿಸಿ ಅದನ್ನು ಕಳೆದುಕೊಂಡದ್ದು. ಅಂದಿನಿಂದ ಆ ಮನೆಯಲ್ಲಿ ಯಾವ ಮೊದಲ ಮಾತಿಗೂ ಯಾರೂ ತಲೆಯಾಡಿಸದೆ ಇದ್ದದ್ದು.

"ಅತ್ತೆಯವ್ರು ಮಾಡಿದ್ದು ಸರಿ," ಎಂದ ಅವನು ಮೆಲ್ಲಗೆ.

"ನೀವು ಮಾಡೋದೂ ಸರಿ," ಎಂದಳು ಅವಳು ಇನ್ನೂ ಮೆಲ್ಲಗೆ.

ಪರದೆ ಇಳಿಯಿತು. ಉರಿಬಿಸಿಲು ಜೇನಿನ ಬಣ್ಣಕ್ಕೆ ತಿರುಗಿ ನೆಲದ ಮೇಲೆ ಹರಡಿತು. ಏಣಿಯಿಂದ ಇಳಿಯದೆ ಇಬ್ಬರೂ ಅದನ್ನೇ ನೋಡುತ್ತ ನಿಂತರು.

ಆ ವಾರವೇ ಅವಳು ಗಾಡಿ ಕೊಂಡಳು. ಅವನು ಮೊದಲ ದಿನ ಹೇಳಿದ ಬೆಲೆಗೇ! "ಒಂದು ಮ್ಯಾಟಾದ್ರೂ ಕೇಳ್ಬಾರ್ದೇನೇ?" ಎಂದು ಅತ್ತೆ ಹಲುಬಿದರು. ಅವಳು ಕೇಳಲಿಲ್ಲ. ಇನ್ನೊಬ್ಬರ ಮೊದಲ ಮಾತನ್ನು ಹಾಗೇ ಒಪ್ಪಿಕೊಳ್ಳುವುದರಲ್ಲಿ ಇಷ್ಟು ಹಗುರವಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

*

ಬೀಗದಕೈ ಕೈಗಿಡುವ ದಿನ. ಕಾಗದಪತ್ರಗಳೆಲ್ಲ ಮುಗಿದಿದ್ದವು. ಅತ್ತೆ ಹೊರಗೆ, ಹೊಸ ಗಾಡಿಯ ಚಕ್ರಗಳನ್ನು ಒಂದೊಂದಾಗಿ ಒದ್ದು ಪರೀಕ್ಷಿಸುತ್ತಿದ್ದರು. ಮೇಜಿನ ಈ ಕಡೆ ಅವಳು, ಆ ಕಡೆ ಅವನು.

"ಇನ್ನೊಂದು ಮಾತಿದೆ," ಎಂದ ಅವನು. ಬ್ಯಾಡ್ಜು ಬಿಚ್ಚಿ ಮೇಜಿನ ಮೇಲಿಟ್ಟ. "ಮೊದಲೇ ಹೇಳಿದ್ರೆ ಗಾಡಿ ಮಾರೋಕೆ ಹೇಳ್ದ ಅಂದ್ಕೋತಿದ್ರಿ. ಅದಕ್ಕೇ ಈಗ ಹೇಳ್ತಿದೀನಿ. ನೀವಂದ್ರೆ ನನಗೆ ತುಂಬಾ ಇಷ್ಟ. ನಿಮ್ಮ ಸಿಡುಕೂ ಇಷ್ಟ. ನನ್ನ ಮದುವೆ ಆಗ್ತೀರಾ?"

‘ಹೂಂ!’ ಎಂದಿತು ಅವಳೊಳಗೆ ಎಲ್ಲವೂ. ‘ಹೂಂ, ಹೂಂ, ಹೂಂ...’

ಆದರೆ ಬಾಯಿ ತೆರೆಯಲಿಲ್ಲ. ಮೌನ ಬಂತು, ಎಂದಿನ ಮೌನ. ಅವಳು ನೋಡುನೋಡುತ್ತಿರುವಂತೆಯೇ ಅವಳ ಕೈ ಚೀಲವನ್ನೆತ್ತಿ ಹೆಗಲಿಗೆ ಹಾಕಿತು. ಬೆರಳು ಬಕಲು ಹುಡುಕಿತು. ಕಾಲು ಎದ್ದು ನಿಂತಿತು. ಮೊದಲ ಮಾತಿಗೆ ಎದ್ದು ನಡೆಯುವುದನ್ನು ನಡಿಗೆಯೊಡನೆಯೇ ಕಲಿತ ಮೈ, ಮನಸ್ಸನ್ನು ಕೇಳದೆ ಹೊರಟೇಬಿಟ್ಟಿತು!

‘ಅಯ್ಯೋ, ಏನು ಮಾಡ್ತಿದೀನಿ ನಾನು? ಕರೀರಿ... ದಯವಿಟ್ಟು ಕರೀರಿ! ಒಂದ್ಸಲ "ರೀ" ಅನ್ನಿ ಸಾಕು, ತಿರುಗಿಬಿಡ್ತೀನಿ...’

ಬಾಗಿಲ ಬಳಿ ನಿಂತಳು. ನಿಂತೇ ಇದ್ದಳು. ಬೆನ್ನೆಲ್ಲ ಕಿವಿಯಾಯಿತು.

ಅವನು ಕರೆಯಲಿಲ್ಲ. ಹೋಗಬೇಕೆಂದು ಎದ್ದವಳ ಉತ್ತರದಿಂದ ಅವನು ಏನನ್ನೂ ಕಳೆಯಲಿಲ್ಲ. ಬ್ಯಾಡ್ಜನ್ನು ಮತ್ತೆ ಎದೆಗೆ ಸಿಕ್ಕಿಸಿಕೊಳ್ಳಲು ಹೋದ. ಪಿನ್ನು ಬೆರಳಿಗೆ ಚುಚ್ಚಿತು.

ಅವಳು ಬಾಗಿಲು ತಳ್ಳಿ ಹೊರಟುಹೋದಳು.

ಆಮೇಲಿನ ದಿನಗಳನ್ನು ಆ ಪರದೆ ಅಂಗಡಿ ಬಹುಕಾಲ ನೆನೆಯಿತು. ಊಟದ ಕೋಣೆಯ ಪರದೆ ಮೊಣಕಾಲಿಗೆ ನಿಂತಿತು. ಸ್ನಾನದ ಮನೆಯದು ನೆಲ ಗುಡಿಸಿತು. ಹೊಲಿಗೆ ಯಂತ್ರದ ಸೂಜಿ ಪದೇಪದೇ ಮುರಿಯಿತು. "ನಿನಗೆ ಕರೆಯೋಕೆ ಬಾಯಿಲ್ವಾ?" ಎಂದು ಅವಳು ಇಸ್ತ್ರಿಪೆಟ್ಟಿಗೆಯನ್ನು ಬೈದಾಗ ಅತ್ತೆ ಕತ್ತರಿ ಕೆಳಗಿಟ್ಟರು.

"ಏನಾಗಿದ್ಯೇ ಪುಟ್ಟಿ ನಿನಗೆ? ಹೊಸ ಗಾಡಿ ಬಂದಾಗಿನಿಂದ ನೋಡ್ತಿದೀನಿ. ಅದರಲ್ಲೇನಾದ್ರೂ ದೋಷ ಇದೆಯಾ?"

"ಗಾಡೀಲಿ ಏನೂ ಇಲ್ಲ ಅತ್ತೆ... ದೋಷ ಇರೋದು ನನ್ನಲ್ಲೇ." ಬಿಕ್ಕುತ್ತಲೇ ಎಲ್ಲವನ್ನೂ ಹೇಳಿದಳು.

ಅತ್ತೆ ಕುರ್ಚಿ ಎಳೆದು ಅವಳೆದುರು ಕುಳಿತರು.

"ಅವನು ಕೇಳಿದ. ನೀನು ಎದ್ದು ಬಂದೆ?"

"ಹೂಂ."

"ಬಕಲು ಹಾಕ್ಕೊಂಡು?"

"ಹೂಂ..."

"ಅಯ್ಯೋ ನನ್ನ ಪೆದ್ದೇ!" ಅತ್ತೆ ಹಣೆ ಚಚ್ಚಿಕೊಂಡರು. "ನಾನು ಹೇಳ್ಕೊಟ್ಟಿದ್ದು ಬಟ್ಟೆಗೆ ಕಣೇ! ಮನುಷ್ಯರಿಗಲ್ಲ!"

"ನೀವು ಅದನ್ನ ಹೇಳಿರ್ಲಿಲ್ಲ!"

"ಇದನ್ನೂ ಹೇಳ್ಬೇಕೇನೇ? ನಡಿ, ಗಾಡಿ ತೆಗಿ!"

"ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಇರೋ ಮುಖ ಇಟ್ಕೊಂಡು! ಮೊದಲನೇ ಸರ್ವೀಸು ಬಿಟ್ಟಿ ಅಂತ ಹೇಳಿದಾನಲ್ಲ, ಆ ನೆಪ ಸಾಲ್ದಾ?"

*

ಶೋರೂಮಿನ ಬಾಗಿಲು ತೆರೆದ ಕೂಡಲೇ ಸ್ವಾಗತಕಾರ್ತಿ ಕುರ್ಚಿಯಿಂದ ಅರ್ಧ ಎದ್ದಳು. ಇವಳು ನೇರವಾಗಿ ಅವನ ಮೇಜಿಗೆ ನಡೆದಳು. ಅವನು ಸೊರಗಿದ್ದ. ಎದೆಯ ಮೇಲೆ ಬ್ಯಾಡ್ಜು ಇರುವಲ್ಲಿ ಗಾಯದ ಪಟ್ಟಿ ಅಂಟಿಸಿಕೊಂಡು ಎದ್ದು ನಿಂತ... ಅಲ್ಲ, ಪಟ್ಟಿ ಬೆರಳಿನಲ್ಲಿತ್ತು, ಬ್ಯಾಡ್ಜೇ ಇರಲಿಲ್ಲ. ಅವಳ ಕಣ್ಣು ಮಂಜಾಗಿ ಯಾವುದು ಎಲ್ಲಿದೆಯೆಂದು ತಿಳಿಯುತ್ತಿರಲಿಲ್ಲ.

"ಬನ್ನಿ ಮೇಡಂ. ಗಾಡಿ ಹೇಗಿದೆ?"

‘ಮೇಡಂ ಅಂತೆ! ಗಾಡಿ ಅಂತೆ!’

"ಚೆನ್ನಾಗಿದೆ."

"ಏನಾದ್ರೂ ತೊಂದ್ರೆ?"

"ಇದೆ. ಒಂದು... ಸದ್ದು ಬರಲ್ಲ."

"ಸದ್ದು ಬರಲ್ವಾ? ಎಲ್ಲಿಂದ?"

"ಹಿಂದುಗಡೆಯಿಂದ! ನಾನು ಕಾಯ್ತಾ ಇರ್ತೀನಿ, ಬರೋದೇ ಇಲ್ಲ!"

ಅವನು ಗಂಭೀರವಾಗಿ ಯೋಚಿಸಿದ. "ರಿವರ್ಸ್ ಸೆನ್ಸರ್ ಇರ್ಬೇಕು. ಮೆಕ್ಯಾನಿಕ್ಕಿಗೆ ಹೇಳ್ತೀನಿ."

ಅವಳು ದಂಗಾಗಿ ಅವನನ್ನು ನೋಡಿದಳು. ಪ್ರಪಂಚದಲ್ಲಿ ಇಂಥ ಒಬ್ಬನನ್ನು ಮಾಡಿ, ಅವನನ್ನೇ ತನ್ನ ಎದುರು ತಂದು ಕೂರಿಸಿದವರು ಯಾರು?

"ನಿಮ್ಮ ತಲೆ! ನಿಮ್ಮ ತಲೆಗೆ ಮೆಕ್ಯಾನಿಕ್ ಬೇಕು!" ಎಂದು ಧುಮುಗುಟ್ಟಿ ಹೊರಟಳು. ಈ ಸಲ ಬಕಲೂ ಹಾಕಲಿಲ್ಲ. ಚೀಲ ಜೋಲಾಡುತ್ತಿತ್ತು. ಇದು ಅತ್ತೆ ಕಲಿಸಿದ ನಡಿಗೆಯಲ್ಲ. ನಿಜವಾದ ಸಿಟ್ಟಿನ, ನಿಜವಾದ ನೋವಿನ ನಡಿಗೆ.

ಅವನು ಮೇಜಿಗೆ ಕೈಯೂರಿ, ತಲೆ ತಗ್ಗಿಸಿ ನಿಂತ.

"ರೀ ಒಂದೇ ರೇಟು!" ಬಾಗಿಲ ಬಳಿಯಿಂದ ಸ್ವಾಗತಕಾರ್ತಿ ಕಿರುಚಿದಳು. ಇಷ್ಟು ದಿನ ನುಂಗಿಕೊಂಡದ್ದೆಲ್ಲ ಅವಳ ದನಿಯಲ್ಲಿತ್ತು. "ಅವರು ಎದ್ದು ಹೋಗುವಾಗೆಲ್ಲ ನಿಮಗೆ ಕಾಣೋದು ಬೆನ್ನು! ಇಲ್ಲಿ ಕೂತಿರೋ ನನಗೆ ಕಾಣೋದು ಮುಖ! ಮೊದಲ ದಿನದಿಂದ ನೋಡ್ತಿದೀನಿ... ಈ ಬಾಗಿಲ ಹತ್ರ ಬಂದು, ಕಣ್ಣು ಮುಚ್ಚಿ, ನೀವು ಕರೀಲಿ ಅಂತ ಕಾಯ್ತಾರೆ! ಈಗ ನೋಡಿ, ಅಳ್ತಿದಾರೆ!"

ಅವನು ತಲೆಯೆತ್ತಿದ.

ಮುಂದೆ ನಡೆದದ್ದನ್ನು ಹೇಳುವವರಲ್ಲಿ ಎರಡು ಪಾಠಗಳಿವೆ. ಶೋರೂಮಿನವರು ಹೇಳುವಂತೆ, ಅವನು ಮೇಜನ್ನು ಸುತ್ತಿ ಬಾರದೆ ದಾಟಿಯೇ ಬಂದು, ಗಾಜೆಲ್ಲ ಅದುರುವಂತೆ "ಹೋಗ್ಬೇಡಿ!" ಎಂದು ಕೂಗಿದ ಮೇಲೆ ಅವಳು ತಿರುಗಿದಳು. ಪರದೆ ಅಂಗಡಿಯವರು ಒಪ್ಪುವುದಿಲ್ಲ. ಅವನು ಬಾಯಿ ತೆರೆಯುವ ಮೊದಲೇ, ಕರೆಯಿಲ್ಲದೆ, ಅವಳಾಗಿ ತಿರುಗಿದ್ದಳೆನ್ನುತ್ತಾರೆ. ಎದುರಿಗಿದ್ದ ಸ್ವಾಗತಕಾರ್ತಿಯನ್ನು ಕೇಳಿದರೆ, ಎರಡೂ ಒಟ್ಟಿಗೇ ನಡೆದವೆಂದು ಹೇಳಿ ಕಣ್ಣೊರೆಸಿಕೊಳ್ಳುತ್ತಾಳೆ.

ಅಂತೂ ಬಾಗಿಲ ಬಳಿ ಇಬ್ಬರೂ ಎದುರುಬದುರಾದರು. ಅವನಿಗೆ ಏದುಸಿರು. ಅವಳಿಗೆ ಬಿಕ್ಕಳಿಕೆ.

"ನಾನು ಬೇಡ ಅಂತ ಎದ್ದಿದ್ದಲ್ಲ," ಎಂದಳು. "ಅದು... ನಮ್ಮ ಮನೆ ಅಭ್ಯಾಸ. ಬೇಕು ಅನ್ನಿಸಿದ್ದಕ್ಕೇ ನಾವು ಎದ್ದು ಹೋಗೋದು. ಬೇಡದ್ದನ್ನ ಬೆಲೆನೂ ಕೇಳಲ್ಲ."

"ನನಗೆ ಗೊತ್ತಾಗ್ಲಿಲ್ಲ."

"ನಿಮಗೆ ಏನು ತಾನೇ ಗೊತ್ತಾಗತ್ತೆ! ಇಡೀ ಊರಿಗೇ ಗೊತ್ತಾಗತ್ತೆ, ನಿಮಗೊಬ್ಬರಿಗೆ..."

"ಇನ್ಮೇಲೆ ನೀವು ಎದ್ದಾಗೆಲ್ಲ ಕರೀತೀನಿ."

"ನಿಜವಾಗ್ಲೂ ಸಿಟ್ಟು ಬಂದು ಎದ್ದಿದ್ರೆ?"

"ಆವಾಗ್ಲೂ ಕರೀತೀನಿ."

ಅವಳು ಟೇಪಿನ ತುದಿಯಿಂದಲೇ ಕಣ್ಣೊರೆಸಿಕೊಂಡು ನಕ್ಕಳು. ಹೊರಗೆ ಗಾಡಿಯಿಂದ ಅತ್ತೆ ಗಾಜಿಳಿಸಿ, "ಏನಾಯ್ತೇ? ಮ್ಯಾಟು ಕೊಟ್ನಾ?" ಎಂದು ಕೂಗುತ್ತಿದ್ದರು. ಇಬ್ಬರೂ ಕಿವಿಗೊಡಲಿಲ್ಲ. ಅವಳೇ ಕಟ್ಟಿದ ಪರದೆಯ ಮೂಲಕ ಜೇನಿನ ಬಣ್ಣದ ಬೆಳಕು ಅವರ ಪಾದಗಳವರೆಗೆ ಬಂದಿತ್ತು.

"ಹಾಗಾದ್ರೆ ಇನ್ನೊಂದ್ಸಲ ಕೇಳ್ತೀನಿ," ಎಂದ ಅವನು. "ನನ್ನ..."

"ಒಪ್ಪಿದೆ!"

"ನಾನಿನ್ನೂ ಕೇಳೇ ಇಲ್ಲ! ಪೂರ್ತಿ ಕೇಳಿಸ್ಕೊಳ್ರೀ..."

"ಬೇಡ," ಎಂದಳು ಅವಳು, ಪಟ್ಟಿ ಸುತ್ತಿದ್ದ ಅವನ ಬೆರಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡು. "ಪೂರ್ತಿ ಕೇಳಿದ್ರೆ ಎದ್ದು ಹೋಗೋ ಆಸೆ ಆಗತ್ತೆ."